‘ನಾನು’ ಎಂಬುವರಾರು? ‘ಸತ್ಯಾಗ್ರಹ’ ಒಪೆರಾದ ಸಂಸ್ಕೃತ ಮತ್ತು ಕುಸನೂರಿನ ಕನ್ನಡ

೧. ಪ್ರಶ್ನೆ

ಫಿಲಿಪ್ ಗ್ಲಾಸ್ ಅವರ ‘ಸತ್ಯಾಗ್ರಹ’ ಒಪೆರಾ ೧೯೮೦ರ ಸೆಪ್ಟೆಂಬರ್ ೫ರಂದು ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ನಗರದಲ್ಲಿ ಮೊದಲು ರಂಗವನ್ನೇರಿತು. ಅಲ್ಪ ಸ್ವರಸಾಮಗ್ರಿ, ದೀರ್ಘ ಪುನರಾವರ್ತನೆ, ಅತಿ ನಿಧಾನವಾದ ಪಲ್ಲಟ ಇವುಗಳನ್ನು ನೆಚ್ಚಿದ ಮಿನಿಮಲಿಸಂ ಎಂಬ ಸಂಗೀತಮಾರ್ಗದ ಪ್ರಮುಖ ಕೃತಿಗಳಲ್ಲಿ ಇದೂ ಒಂದು. ಗಾಂಧಿ ದಕ್ಷಿಣ ಆಫ್ರಿಕಾದಲ್ಲಿ ಕಳೆದ ವರ್ಷಗಳು ಇದರ ವಸ್ತು. ಕಾನ್‌ಸ್ಟೆನ್ಸ್ ಡಿಜಾಂಗ್ ಅವರೊಡನೆ ಗ್ಲಾಸ್ ಸಿದ್ಧಪಡಿಸಿದ ಪಠ್ಯವೋ ಪೂರ್ತಿಯಾಗಿ ಭಗವದ್ಗೀತೆಯಿಂದ ಆಯ್ದ ಸಂಸ್ಕೃತ ಶ್ಲೋಕಗಳದು. ರಂಗದ ಮೇಲೆ ಪ್ರತಿಜ್ಞೆ, ಪತ್ರಿಕೆ, ದಹನ, ನಡಿಗೆ. ಹಾಡುವವರ ಬಾಯಲ್ಲಿ ಸಾಂಖ್ಯ, ಯೋಗ, ಕರ್ಮ. ಪಠ್ಯವನ್ನು ಕ್ರಿಯೆಯಿಂದ ಹೀಗೆ ಬೇರ್ಪಡಿಸಿದ್ದು ಉದ್ದೇಶಪೂರ್ವಕ. ಅರ್ಥದ ಭಾರವನ್ನು ಸಂಗೀತ ಮತ್ತು ದೃಶ್ಯಗಳು ಹೊರಬೇಕು, ಮಾತು ನಾದವಾಗಿ ಉಳಿಯಬೇಕು ಎಂಬುದು ಸಂಯೋಜಕರ ನಿಲುವು.

ಈ ನಿಲುವನ್ನು ಸಂಗೀತವಿಮರ್ಶೆ ಬಹುಮಟ್ಟಿಗೆ ಮೆಚ್ಚಿಕೊಂಡಿದೆ. ಭಾಷಾವಿಜ್ಞಾನದ ಕಡೆಯಿಂದ ಕೇಳಬೇಕಾದ ಪ್ರಶ್ನೆ ಬೇರೆ. ಸತ್ಯಾಗ್ರಹವೆಂಬುದು ಮೊದಲಿಗೆ ಒಂದು ಉಕ್ತಿಕ್ರಿಯೆ: ಪ್ರತಿಜ್ಞೆ ಮಾಡುವುದು, ಎದುರಾಳಿಗೆ ತಿಳಿಸಿ ಹೇಳುವುದು, ಜೊತೆಗಾರರನ್ನು ಕರೆಯುವುದು. ಕೇಳುವವರಿಗೆ ಅರ್ಥವಾಗದ ಪ್ರತಿಜ್ಞೆ ಪ್ರತಿಜ್ಞೆಯಾದೀತೇ? ಕರೆಯಲ್ಲಿರುವ ‘ನಾನು’, ‘ನೀನು’ಗಳು ಯಾರನ್ನು ಸೂಚಿಸುತ್ತವೆಂದು ತಿಳಿಯದೆ ಅದಕ್ಕೆ ಓಗೊಡುವುದು ಹೇಗೆ? ಈ ಲೇಖನವು ಒಪೆರಾದ ಉತ್ತಮಪುರುಷ ಸರ್ವನಾಮದ ಚಲನೆಯನ್ನು ಹಿಂಬಾಲಿಸಿ, ಅದನ್ನು ಹಾವೇರಿ ಸೀಮೆಯ ಒಂದು ಸತ್ಯಾಗ್ರಹದ ಹೆಸರಿನೊಡನೆ ಹೋಲಿಸುತ್ತದೆ. ಸಂಸ್ಕೃತದ ಆಯ್ಕೆಯಿಂದ ಕೃತಿಗೆ ದೊರೆತ ಲಾಭ ನಿಜವಾದದ್ದು. ಆದರೆ ಸತ್ಯಾಗ್ರಹದ ಮಾತಿಗೆ ಅತ್ಯಗತ್ಯವಾದ ಒಂದು ಗುಣ, ಅಂದರೆ ಕೇಳುಗನೇ ಮಾತುಗಾರನಾಗಬಲ್ಲ ಅವಕಾಶ, ಆ ಆಯ್ಕೆಯಿಂದ ಕೈತಪ್ಪಿದೆ ಎಂಬುದು ಇಲ್ಲಿನ ವಾದ.

೨. ನಾಲ್ಕು ಭಾಷೆಗಳ ಪತ್ರಿಕೆ, ಒಂದು ಭಾಷೆಯ ದೃಶ್ಯ

ಎರಡನೆಯ ಅಂಕದ ನಡುವಿನ ದೃಶ್ಯದ ಹೆಸರು ‘ಇಂಡಿಯನ್ ಒಪಿನಿಯನ್’. ೧೯೦೩ರಲ್ಲಿ ಡರ್ಬನ್ನಿನಲ್ಲಿ ಹುಟ್ಟಿದ ಆ ವಾರಪತ್ರಿಕೆ ಆರಂಭದಲ್ಲಿ ಇಂಗ್ಲಿಷ್, ಗುಜರಾತಿ, ಹಿಂದಿ, ತಮಿಳು ಈ ನಾಲ್ಕು ಭಾಷೆಗಳಲ್ಲಿ ಅಚ್ಚಾಗುತ್ತಿತ್ತು. ‘ಸತ್ಯಾಗ್ರಹ’ವೆಂಬ ಪದ ರೂಪುಗೊಂಡದ್ದೂ ಅದರ ಪುಟಗಳ ಮೂಲಕವೇ. ‘ಪ್ಯಾಸಿವ್ ರೆಸಿಸ್ಟೆನ್ಸ್’ ಎಂಬ ಇಂಗ್ಲಿಷ್ ಹೆಸರು ಹೋರಾಟದ ಸ್ವರೂಪಕ್ಕೆ ಒಪ್ಪುವುದಿಲ್ಲವೆಂದು ಕಂಡಾಗ ಗಾಂಧಿ ಓದುಗರಿಂದ ಹೊಸ ಪದವನ್ನು ಆಹ್ವಾನಿಸಿದರು. ಮಗನಲಾಲ್ ಗಾಂಧಿ ‘ಸದಾಗ್ರಹ’ವೆಂದು ಸೂಚಿಸಿದರು, ಗಾಂಧಿ ಅದನ್ನು ‘ಸತ್ಯಾಗ್ರಹ’ವೆಂದು ತಿದ್ದಿದರು. ಪದವು ಸಂಸ್ಕೃತ ಸಮಾಸವೆಂಬುದು ನಿಜ. ಆದರೆ ಅದು ಹುಟ್ಟಿದ್ದು ಗುಜರಾತಿ ಓದುಗರ ನಡುವೆ, ಆಡುಭಾಷೆಯ ಪದವಾಗಿ.

ಕನ್ನಡಕ್ಕೆ ಬಂದಾಗ ಅದಕ್ಕೆ ಇನ್ನೂ ಒಂದು ಬದುಕು ದೊರೆಯಿತು. ಕನ್ನಡದಲ್ಲಿ ‘ಆಗ್ರಹ’ಕ್ಕೆ ಹಟವೆಂಬ ಅರ್ಥದ ಜೊತೆಗೆ ಕೋಪವೆಂಬ ಅರ್ಥವೂ ಹಿಂದಿನಿಂದ ಇದೆ, ಇಂದಿನ ಪತ್ರಿಕೆಗಳ ತಲೆಬರಹದಲ್ಲಿ ಅದು ಒತ್ತಾಯ. ಕನ್ನಡಿಗನ ಕಿವಿಯಲ್ಲಿ ‘ಸತ್ಯಾಗ್ರಹ’ವು ಸತ್ಯದ ಹಟ, ಸತ್ಯದ ಸಿಟ್ಟು, ಸತ್ಯದ ಬೇಡಿಕೆ ಮೂರನ್ನೂ ಸೋಂಕಿಸಿಕೊಂಡು ಬರುತ್ತದೆ. ಪದವೊಂದು ಆಡುವವರ ಬಾಯಿಂದ ಬಾಯಿಗೆ ಹೋಗುತ್ತ ಹೊಸ ಅರ್ಥಗಳನ್ನು ಕೂಡಿಸಿಕೊಳ್ಳುವ ಬಗೆ ಇದು.

ಒಪೆರಾದ ದೃಶ್ಯದಲ್ಲಿ ಪತ್ರಿಕೆ ಇದೆ, ಅದರ ಭಾಷೆಗಳು ಇಲ್ಲ. ಅಚ್ಚಿನ ಕೆಲಸ ನಡೆಯುತ್ತಿರುವಾಗ ಕೇಳುವುದು ಗೀತೆಯ ಕರ್ಮೋಪದೇಶ. ೧೯೦೬ರ ಸೆಪ್ಟೆಂಬರ್ ೧೧ರಂದು ಜೋಹಾನ್ಸ್‌ಬರ್ಗಿನ ಎಂಪೈರ್ ಥಿಯೇಟರಿನಲ್ಲಿ ನಡೆದ ಪ್ರತಿಜ್ಞಾಸಭೆಯ ದೃಶ್ಯದ ಕಥೆಯೂ ಇದೇ. ಆ ಸಭೆಯಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ದೇವರನ್ನು ನೆನೆದು ಪ್ರತಿಜ್ಞೆ ಮಾಡಬೇಕಾಗಿತ್ತು. ಮಾಡುವ ಮುನ್ನ ಅದರ ಪರಿಣಾಮವೇನೆಂದು, ಸೆರೆಮನೆಯಿಂದ ಹಿಡಿದು ಸಾವಿನವರೆಗೆ, ಗಾಂಧಿ ಬಿಡಿಸಿ ಹೇಳಿದ್ದರು. ಅರ್ಥವಾಗುವಿಕೆ ಅಲ್ಲಿ ಅಲಂಕಾರವಾಗಿರಲಿಲ್ಲ, ಪ್ರತಿಜ್ಞೆಯ ಸಿಂಧುತ್ವದ ಷರತ್ತಾಗಿತ್ತು.

ಗೀತೆಯೇ ಗಾಂಧಿಯ ಮನಸ್ಸಿನ ಭಾಷೆಯಾಗಿತ್ತಲ್ಲ, ಹೊರಗಿನ ಕ್ರಿಯೆಯ ಜೊತೆಗೆ ಒಳಗಿನ ಚಿಂತನವನ್ನು ಕೇಳಿಸಿದರೆ ತಪ್ಪೇನು ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಗಾಂಧಿ ಗೀತೆಯನ್ನು ಮೊದಲು ಓದಿದ್ದು ಲಂಡನ್ನಿನಲ್ಲಿ, ಎಡ್ವಿನ್ ಆರ್ನಾಲ್ಡರ ಇಂಗ್ಲಿಷ್ ಅನುವಾದದಲ್ಲಿ. ಮುಂದೆ ತಾವೇ ಅದನ್ನು ‘ಅನಾಸಕ್ತಿಯೋಗ’ವೆಂಬ ಹೆಸರಿನಲ್ಲಿ ಗುಜರಾತಿಗೆ ತಂದರು, ಹೆಚ್ಚು ಓದಿಲ್ಲದವರ ಕೈಗೂ ಅದು ಸಿಗಬೇಕೆಂಬುದು ಅವರ ಆಸೆಯಾಗಿತ್ತು. ಆ ಪುಸ್ತಕ ಹೊರಬಂದದ್ದು ೧೯೩೦ರ ಮಾರ್ಚ್ ೧೨ರಂದು, ದಂಡಿಯಾತ್ರೆ ಹೊರಟ ದಿನವೇ. ಆ ದಿನ ಹೊರಟವರ ಸಾಲಿನಲ್ಲಿ ಇಂದಿನ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವರೂ ಇದ್ದರು. ಗಾಂಧಿಯ ಮಟ್ಟಿಗೆ ಗೀತೆ ಕೇಳಿಬಂದದ್ದೂ ಅನುವಾದದಲ್ಲಿ, ನಡಿಗೆಗೆ ಹೊರಟದ್ದೂ ಅನುವಾದದೊಡನೆ.

೩. ಸರ್ವನಾಮದ ಪಯಣ

ಒಪೆರಾದ ಆರಂಭದಲ್ಲಿ ಗಾಂಧಿ ಒಬ್ಬರೇ ಹಾಡುತ್ತಾರೆ. ಕುರುಕ್ಷೇತ್ರದಲ್ಲಿ ನೆರೆದ ಎರಡು ಸೇನೆಗಳನ್ನು ನೋಡಬಯಸುವ ಅರ್ಜುನನ ಮಾತು ಅದು. ಅಲ್ಲಿನ ಕ್ರಿಯಾಪದ ‘ಅವೇಕ್ಷೇ’ ಉತ್ತಮಪುರುಷ, ಏಕವಚನ, ಆತ್ಮನೇಪದಿ. ಜೊತೆಗೆ ‘ಅಹಂ’ ಎಂಬ ಸರ್ವನಾಮವೂ ಇದೆ. ಹಾಗಾಗಿ ಗಾಂಧಿಯ ಮೊದಲ ‘ನಾನು’ ಅರ್ಜುನ: ಇನ್ನೂ ನೋಡುತ್ತಿರುವವನು, ತೀರ್ಮಾನಕ್ಕೆ ಬಾರದವನು.

ಎರಡನೆಯ ಅಂಕದ ಕೊನೆಯ ದೃಶ್ಯ ‘ಪ್ರತಿಭಟನೆ’. ೧೯೦೮ರ ಆಗಸ್ಟ್ ೧೬ರಂದು ಜೋಹಾನ್ಸ್‌ಬರ್ಗಿನ ಹಮೀದಿಯಾ ಮಸೀದಿಯ ಬಯಲಿನಲ್ಲಿ ಭಾರತೀಯರು ತಮ್ಮ ನೋಂದಣಿಪತ್ರಗಳನ್ನು ದೊಡ್ಡ ಕಡಾಯಿಯಲ್ಲಿ ಹಾಕಿ ಸುಟ್ಟ ಪ್ರಸಂಗ ಅದು. ಅಲ್ಲಿ ಗಾಂಧಿ ಹಾಡುವುದು ಹನ್ನೆರಡನೆಯ ಅಧ್ಯಾಯದಿಂದ; ಯಾವ ಜೀವಿಯನ್ನೂ ದ್ವೇಷಿಸದ, ‘ನಾನು’ ‘ನನ್ನದು’ ಅಳಿದ ಭಕ್ತನ ಲಕ್ಷಣ. ವ್ಯಾಕರಣದ ದೃಷ್ಟಿಯಿಂದ ಇದು ಪ್ರಥಮಪುರುಷದ ವಿಶೇಷಣಗಳ ಮಾಲೆ. ಇಲ್ಲಿ ಉತ್ತಮಪುರುಷ ಹಿಂದೆ ಸರಿದಿದೆ. ಬೆಂಕಿಯ ಮುಂದೆ ದ್ವೇಷವಿಲ್ಲದವನ ವರ್ಣನೆಯನ್ನು ಇಟ್ಟ ಈ ಜೋಡಣೆ ಕೃತಿಯ ಅತ್ಯುತ್ತಮ ತೀರ್ಮಾನಗಳಲ್ಲೊಂದು.

ಮೂರನೆಯ ಅಂಕ ೧೯೧೩ರ ನ್ಯೂಕ್ಯಾಸಲ್ ನಡಿಗೆಯದು. ಗಾಂಧಿಯೇ ಬರೆದಿಟ್ಟಿರುವ ಲೆಕ್ಕದಂತೆ ಗಡಿಯತ್ತ ನಡೆದವರು ೨,೦೩೭ ಗಂಡಸರು, ೧೨೭ ಹೆಂಗಸರು, ೫೭ ಮಕ್ಕಳು. ಕೊನೆಗೆ ರಂಗದ ಮೇಲೆ ಗಾಂಧಿ ಒಬ್ಬರೇ ಉಳಿಯುತ್ತಾರೆ. ಎತ್ತರದಲ್ಲಿ, ಬೆನ್ನು ತೋರಿ ನಿಂತು, ಕಾಣದ ಸಭೆಗೆ ಮಾತಾಡುತ್ತಿರುವ ಮಾರ್ಟಿನ್ ಲೂಥರ್ ಕಿಂಗ್. ಆಗ ಗಾಂಧಿ ಹಾಡುವುದು ನಾಲ್ಕನೆಯ ಅಧ್ಯಾಯದ ಮಾತು: ತನ್ನ ಮತ್ತು ಅರ್ಜುನನ ಕಳೆದ ಜನ್ಮಗಳ ಬಗ್ಗೆ, ಧರ್ಮಗ್ಲಾನಿಯಾದಾಗ ತಾನು ಹುಟ್ಟಿಬರುವ ಬಗ್ಗೆ ಕೃಷ್ಣನ ಮಾತು. ಎಂಟು ಸ್ವರಗಳ ಏರುಪಂಕ್ತಿಯೊಂದು ಮತ್ತೆ ಮತ್ತೆ ಏರುತ್ತದೆ. ಅನುಷ್ಟುಪ್ಪಿನ ಪಾದವೂ ಎಂಟು ಅಕ್ಷರದ್ದು. ಪಾಶ್ಚಾತ್ಯರು ಫ್ರಿಜಿಯನ್ ಎನ್ನುವ ಆ ಸ್ವರಶ್ರೇಣಿ ನಮ್ಮ ಹಿಂದೂಸ್ತಾನಿ ಪದ್ಧತಿಯ ಭೈರವಿ ಥಾಟ್. ಬೈಠಕ್ಕು ಭೈರವಿಯಲ್ಲಿ ಮುಗಿಯುವುದನ್ನು ಕೇಳಿ ಬೆಳೆದ ಧಾರವಾಡ, ಹಾನಗಲ್ಲು, ಹಾವೇರಿಯ ಶ್ರೋತೃವಿಗೆ ಇದು ಮುಕ್ತಾಯದ ಸ್ವರವೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಸರ್ವನಾಮವನ್ನು ನೋಡೋಣ. ಮೊದಲಲ್ಲಿ ಅರ್ಜುನನಾಗಿದ್ದ ‘ನಾನು’, ನಡುವೆ ಅಳಿದ ‘ನಾನು’, ಕೊನೆಗೆ ಕೃಷ್ಣನಾಗಿದೆ. ಸಂಬೋಧನೆಯ ‘ಅರ್ಜುನ’ ಯಾರೆಂಬುದಕ್ಕೆ ಉತ್ತರ ರಂಗದ ಮೇಲೆಯೇ ಇದೆ. ಅದು ಮುಂದಿನ ಹೋರಾಟಗಾರ ಕಿಂಗ್. ಒಂದು ಹೋರಾಟ ಇನ್ನೊಂದರಲ್ಲಿ ಮರುಹುಟ್ಟು ಪಡೆಯುತ್ತದೆಂಬ ಭಾವವಾಗಿ ಇದು ಬಹಳ ಚೆಲುವಾದ ಕಲ್ಪನೆ. ಆದರೆ ಇದರೊಳಗೆ ಇನ್ನೊಂದು ದಾವೆಯೂ ಅಡಗಿದೆ: ಸತ್ಯಾಗ್ರಹಿಯನ್ನು ಅವತಾರಪುರುಷನನ್ನಾಗಿಸುವ ದಾವೆ. ತನ್ನ ತಪ್ಪುಗಳನ್ನು ಪತ್ರಿಕೆಯಲ್ಲಿ ಒಪ್ಪಿಕೊಳ್ಳುತ್ತಿದ್ದ ಮನುಷ್ಯನ ಬಾಯಲ್ಲಿ ಈ ‘ನಾನು’ ಇಂಗ್ಲಿಷಿನಲ್ಲೋ ಡಚ್ಚಿನಲ್ಲೋ ಬಂದಿದ್ದರೆ ಶ್ರೋತೃಗಳು ಒಂದು ಕ್ಷಣ ಬೆಚ್ಚುತ್ತಿದ್ದರು, ಒಪ್ಪುವುದೋ ಬಿಡುವುದೋ ಎಂದು ಯೋಚಿಸುತ್ತಿದ್ದರು. ಸಂಸ್ಕೃತದಲ್ಲಿ ಆ ಯೋಚನೆಗೆ ಆಸ್ಪದವಿಲ್ಲ. ಕೃತಿಯ ಅತಿ ದೊಡ್ಡ ಪ್ರತಿಪಾದನೆ ಆಕ್ಷೇಪಕ್ಕೆ ಎಟುಕದ ಭಾಷೆಯಲ್ಲಿದೆ.

೪. ಅರೆಪಾರದರ್ಶಕ ಕಿವಿ

ಸಂಸ್ಕೃತ ಯಾರ ಮನೆಮಾತೂ ಅಲ್ಲವಾದ್ದರಿಂದ ಅದರ ಮುಂದೆ ಎಲ್ಲ ಶ್ರೋತೃಗಳೂ ಸಮಾನರು ಎಂಬ ಸಮರ್ಥನೆ ಉಂಟು. ಯುರೋಪಿನ ಸಭಾಂಗಣಕ್ಕೆ ಅದು ಸಲ್ಲಬಹುದು. ಕನ್ನಡಿಗನ ಸ್ಥಿತಿ ಬೇರೆ. ಅವನಿಗೆ ಈ ಭಾಷೆ ಪಾರದರ್ಶಕವೂ ಅಲ್ಲ, ಅಪಾರದರ್ಶಕವೂ ಅಲ್ಲ. ‘ಪ್ರತಿಭಟನೆ’ಯ ದೃಶ್ಯದಲ್ಲಿ ಮೈತ್ರಿ, ಕರುಣೆ, ಕ್ಷಮೆ, ದುಃಖ, ಸುಖಗಳ ಬೇರುಗಳು ತತ್ಸಮಗಳ ನೆಂಟಸ್ತಿಕೆಯಿಂದ ಅವನಿಗೆ ಹೊಳೆಯುತ್ತವೆ. ಅದೇ ಶ್ಲೋಕದ ‘ಭೂತ’ ಮಾತ್ರ ಅವನನ್ನು ದಾರಿ ತಪ್ಪಿಸುತ್ತದೆ. ಸಂಸ್ಕೃತದಲ್ಲಿ ಸಕಲ ಜೀವಿಗಳೆಂದಾಗುವ ಪದ ಕನ್ನಡದ ಆಡುಮಾತಿನಲ್ಲಿ ಹುಣಸೆಮರಕ್ಕೆ ಸೇರಿದ್ದು. ಕೊನೆಯ ಹಾಡಿನ ‘ಸಂಭವ’ವೂ ಹಾಗೆ, ಮೂಲದಲ್ಲಿ ಹುಟ್ಟು, ಕನ್ನಡದಲ್ಲಿ ಆಗಬಹುದಾದದ್ದು. ಹೀಗೆ ಕನ್ನಡದ ಶ್ರೋತೃ ನಾದವನ್ನಷ್ಟೇ ಕೇಳಿ ಸುಮ್ಮನಿರಲಾರ. ಅವನು ಅರೆಬರೆ ಅರ್ಥ ಮಾಡಿಕೊಳ್ಳುತ್ತಾನೆ, ತಪ್ಪಾಗಿಯೂ ಮಾಡಿಕೊಳ್ಳುತ್ತಾನೆ. ಅರ್ಥವನ್ನು ನಾದದಿಂದ ಬಿಡಿಸುವ ಗ್ಲಾಸರ ಯೋಜನೆ ಕನ್ನಡದ ಕಿವಿಯಲ್ಲಿ ಪೂರ್ತಿಯಾಗಿ ನೆರವೇರುವುದಿಲ್ಲ.

ಅರ್ಥ ಬಿಟ್ಟುಕೊಡದ ಮಾತು ಈ ಸೀಮೆಗೆ ಹೊಸದೂ ಅಲ್ಲ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ, ಹೊಳೆಯಾಚೆಯ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಜನಸ್ತೋಮವನ್ನು ಸುಮ್ಮನಾಗಿಸಿ ಒಂದೇ ವಾಕ್ಯದ ಕಾರ್ಣಿಕ ನುಡಿಯುತ್ತಾನೆ. ಆ ವಾಕ್ಯ ಒಗಟಿನಂತಿರುತ್ತದೆ. ಆದರೆ ಅದು ಕನ್ನಡದ ಒಗಟು. ಜನ ಅದನ್ನು ಮಳೆಗೆ, ಬೆಳೆಗೆ, ರಾಜಕೀಯಕ್ಕೆ ಹಚ್ಚಿ ವರ್ಷವಿಡೀ ಬಿಡಿಸುತ್ತಾರೆ, ಜಗಳವಾಡುತ್ತಾರೆ. ಅಲ್ಲಿನ ಅಸ್ಪಷ್ಟತೆ ಶ್ರೋತೃವನ್ನು ಕೆಲಸಕ್ಕೆ ಹಚ್ಚುತ್ತದೆ. ಒಪೆರಾದ ಅಸ್ಪಷ್ಟತೆ ಅವನನ್ನು ಆ ಕೆಲಸದಿಂದ ಬಿಡುಗಡೆ ಮಾಡುತ್ತದೆ. ಎರಡೂ ಗಹನವೆನಿಸಬಹುದು, ಆದರೆ ಎರಡರ ರಾಜಕಾರಣ ಒಂದೇ ಅಲ್ಲ.

೫. ಕುಸನೂರಿನ ಎರಡು ಕ್ರಿಯಾಪದಗಳು

ಕಾರ್ಣಿಕದ ಈ ನೆಲದಲ್ಲಿಯೇ, ಒಪೆರಾ ರಂಗವೇರಿದ ಏಳು ವರ್ಷಗಳ ಬಳಿಕ, ಸತ್ಯಾಗ್ರಹವೊಂದು ತನ್ನ ಹೆಸರನ್ನು ತಾನೇ ಕಟ್ಟಿಕೊಂಡಿತು. ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ೧೯೭೦ರ ದಶಕದಿಂದ ಮರದ ತಿರುಳಿನಿಂದ ನಾರಿನ ಕಚ್ಚಾವಸ್ತುವನ್ನು ತಯಾರಿಸುತ್ತಿತ್ತು. ಅದಕ್ಕೆ ಬೇಕಾದ ನೀಲಗಿರಿ ಮರಗಳನ್ನು ಬೆಳೆಸಲು ೧೯೮೪ರಲ್ಲಿ ಸರಕಾರದ ಪಾಲುದಾರಿಕೆಯೊಂದಿಗೆ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಸಂಸ್ಥೆ ಸ್ಥಾಪನೆಯಾಗಿ, ಹಲವು ಜಿಲ್ಲೆಗಳ ಸುಮಾರು ೩೦,೦೦೦ ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ಅದಕ್ಕೆ ಗುತ್ತಿಗೆ ಕೊಡುವ ತೀರ್ಮಾನವಾಯಿತು. ದನ ಮೇಯಿಸಲು, ಉರುವಲು ತರಲು ಹಳ್ಳಿಗರು ನಂಬಿದ್ದ ಭೂಮಿ ಅದು. ಸಮಾಜ ಪರಿವರ್ತನ ಸಮುದಾಯ ಮತ್ತು ಎಸ್.ಆರ್. ಹಿರೇಮಠ ಅವರು ಮುಂದಾದ ವಿರೋಧದಲ್ಲಿ ಶಿವರಾಮ ಕಾರಂತರೂ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ೧೯೮೭ರ ನವೆಂಬರ್ ೧೪ರಂದು, ಅಂದಿನ ಧಾರವಾಡ, ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಗಿಡಗಳನ್ನು ಹಚ್ಚಿದರು. ಅದರ ಹೆಸರು ‘ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ’. ಆ ಸಂಸ್ಥೆಯನ್ನು ೧೯೯೧ರಲ್ಲಿ ಮುಚ್ಚುವ ತೀರ್ಮಾನವಾಯಿತು.

ಹೆಸರಿನ ರಚನೆಯನ್ನು ಗಮನಿಸಬೇಕು. ‘ಕಿತ್ತುಕೊ’ ಎಂಬ ಶಿಷ್ಟ ರೂಪ ಇಲ್ಲಿ ‘ಕಿತ್ತಿಕೊ’ ಆಗಿದೆ. ಎರಡೂ ಪದಗಳು ಒಂದು ಗುರು, ಎರಡು ಲಘುಗಳ ಒಂದೇ ಅಚ್ಚಿನವು. ಎರಡರಲ್ಲೂ ಒತ್ತಕ್ಷರ, ಎರಡರಲ್ಲೂ ಇಕಾರ. ಕೂಗಲು ಹದವಾದ ಜೋಡುನುಡಿ. ಸಸಿ ನೆಡುವುದಕ್ಕೆ ‘ಹಚ್ಚು’ ಎನ್ನುವುದು ಉತ್ತರ ಕರ್ನಾಟಕದ ಬಳಕೆ. ದಕ್ಷಿಣದವರು ಹಚ್ಚುವುದು ದೀಪವನ್ನೋ ಬಣ್ಣವನ್ನೋ. ಹೆಸರು ತನ್ನ ಊರನ್ನು ತಾನೇ ಹೇಳುತ್ತದೆ.

ಇನ್ನು ಅರ್ಥ. ‘ಕಿತ್ತುಕೊಳ್ಳು’ ಎಂದರೆ ಬೇರುಸಹಿತ ಕೀಳುವುದಷ್ಟೇ ಅಲ್ಲ, ಇನ್ನೊಬ್ಬರ ಕೈಯಿಂದ ಕಸಿದುಕೊಳ್ಳುವುದೂ ಹೌದು. ‘ಹಚ್ಚಿಕೊಳ್ಳು’ ಎಂದರೆ ನೆಟ್ಟುಕೊಳ್ಳುವುದಷ್ಟೇ ಅಲ್ಲ. ಮಗುವನ್ನು ಹಚ್ಚಿಕೊಳ್ಳುತ್ತೇವೆ, ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತೇವೆ. ಕೈತಪ್ಪಿದ ನೆಲವನ್ನು ಮರಳಿ ಪಡೆಯುವುದು ಮತ್ತು ಅದನ್ನು ಪ್ರೀತಿಯಿಂದ ಜೋಪಾನ ಮಾಡುವುದು ಎರಡೂ ಈ ಹೆಸರಿನಲ್ಲಿವೆ. ಕಾನೂನುಭಂಗಕ್ಕೆ ರಚನಾತ್ಮಕ ಕೆಲಸ ಜೊತೆಯಾಗಿರಬೇಕೆಂಬ ಗಾಂಧಿಯ ನಿಯಮ ಎರಡು ಕ್ರಿಯಾಪದಗಳಲ್ಲಿ ಮುಗಿದಿದೆ.

ಮುಖ್ಯವಾದದ್ದು ‘ಕೊ’ ಎಂಬ ಸಹಾಯಕ ಕ್ರಿಯಾಪದ. ಕ್ರಿಯೆಯ ಫಲ ಮಾಡುವವನಿಗೇ ಸಲ್ಲುತ್ತದೆಂದು ಅದು ಸೂಚಿಸುತ್ತದೆ. ಸಂಸ್ಕೃತದ ಆತ್ಮನೇಪದ ಮೂಲತಃ ಸೂಚಿಸುತ್ತಿದ್ದದ್ದೂ ಇದನ್ನೇ. ಕಾಲಕ್ರಮದಲ್ಲಿ ಅದು ಬಹುಮಟ್ಟಿಗೆ ರೂಪದ ನಿಯಮವಾಗಿ ಉಳಿಯಿತು. ಕನ್ನಡದ ‘ಕೊ’ದಲ್ಲಿ ಆ ಅರ್ಥ ಇಂದಿಗೂ ಜೀವಂತವಾಗಿದೆ. ಒಪೆರಾದ ‘ಅವೇಕ್ಷೇ’ ಮತ್ತು ಕುಸನೂರಿನ ‘ಹಚ್ಚಿಕೊ’ ದೂರದ ವ್ಯಾಕರಣಬಂಧುಗಳು. ಆದರೆ ಮೊದಲನೆಯದು ಒಬ್ಬನ ನೋಟ, ಎರಡನೆಯದು ಎಲ್ಲರಿಗೂ ವಿಧಿ.

ಆ ವಿಧಿ ಏಕವಚನದಲ್ಲಿದೆ ಎಂಬುದೂ ಗಮನಾರ್ಹ. ‘ಕಿತ್ತಿಕೊಳ್ರಿ’ ಎಂಬ ಗೌರವದ ರೂಪ ಈ ಸೀಮೆಯ ನಾಲಿಗೆಗೆ ಸಹಜವಾದದ್ದು. ಅದನ್ನು ಬಿಟ್ಟು ಗೆಳೆಯ ಗೆಳೆಯನಿಗೆ, ಅಕ್ಕ ತಂಗಿಗೆ ಹೇಳುವ ರೂಪವನ್ನು ಆರಿಸಲಾಗಿದೆ. ಇಲ್ಲಿ ‘ನಾನು’ ಕಾಣಿಸುವುದಿಲ್ಲ. ಹೇಳಿದವನು ಯಾರೋ, ಕೇಳಿದವನು ಮರುಕ್ಷಣ ಪಕ್ಕದವನಿಗೆ ಅದನ್ನೇ ಹೇಳಬಹುದು. ಕೇಳುಗ ಮಾತುಗಾರನಾಗುವ ದಾರಿ ತೆರೆದೇ ಇದೆ.

೬. ‘ನಾನು’ವಿನಿಂದ ‘ನಾವು’ವಿಗೆ

ಒಪೆರಾದ ಚರಿತ್ರೆಯಲ್ಲೇ ಈ ದಾರಿ ಒಮ್ಮೆ ತೆರೆದುಕೊಂಡಿತು. ೨೦೧೧ರ ಡಿಸೆಂಬರ್ ೧ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ‘ಸತ್ಯಾಗ್ರಹ’ದ ಪ್ರದರ್ಶನ ಮುಗಿಯುವ ಹೊತ್ತಿಗೆ ಹೊರಗೆ ಲಿಂಕನ್ ಸೆಂಟರಿನ ಅಂಗಳದಲ್ಲಿ ಆಕ್ಯುಪೈ ಚಳವಳಿಯವರು ನೆರೆದಿದ್ದರು. ಗ್ಲಾಸ್ ಅವರ ನಡುವೆ ನಿಂತು ಒಪೆರಾದ ಕೊನೆಯ ಮಾತುಗಳನ್ನು ಮೂರು ಸಲ ಹೇಳಿದರು. ಧ್ವನಿವರ್ಧಕವಿಲ್ಲದ ಆ ಚಳವಳಿಯಲ್ಲಿ ಒಬ್ಬರ ತುಂಡು ಮಾತನ್ನು ಸುತ್ತಲಿನವರು ಒಟ್ಟಾಗಿ ಮರುನುಡಿದು ಹಿಂದಿನವರಿಗೆ ದಾಟಿಸುವ ರೂಢಿಯಿತ್ತು. ಮುಮ್ಮೇಳ ಎತ್ತಿದ್ದನ್ನು ಹಿಮ್ಮೇಳ ಹಿಡಿಯುವ ನಮ್ಮ ಭಜನೆಯ ಪದ್ಧತಿಯೇ ಅದು. ಅಂದು ಗ್ಲಾಸ್ ಹೇಳಿದ್ದು ಸಂಸ್ಕೃತದಲ್ಲಲ್ಲ, ಇಂಗ್ಲಿಷಿನಲ್ಲಿ. ಮತ್ತು ಆ ಇಂಗ್ಲಿಷಿನಲ್ಲಿ, ಧರ್ಮ ಕುಂದಿದಾಗ ಹುಟ್ಟಿಬರುವವನು ‘ನಾನು’ ಆಗಿರಲಿಲ್ಲ, ‘ನಾವು’ ಆಗಿತ್ತು.

ಅಂಗಳದಲ್ಲಿ ನಡೆದ ಈ ಎರಡು ಬದಲಾವಣೆಗಳು, ಭಾಷೆಯದು ಮತ್ತು ವಚನದ್ದು, ಒಂದಕ್ಕೊಂದು ಅಂಟಿಕೊಂಡವು. ಅರ್ಥವಾಗುವ ಭಾಷೆಗೆ ಬಂದ ಕೂಡಲೇ ಏಕವಚನ ನಿಲ್ಲಲಾರದೆ ಹೋಯಿತು. ನೂರು ಬಾಯಿಗಳು ಮರುನುಡಿಯಬೇಕಾದ ಮಾತಿನಲ್ಲಿ ಅವತಾರಪುರುಷನ ‘ನಾನು’ವಿಗೆ ಜಾಗವಿಲ್ಲ. ಒಪೆರಾ ಮನೆಯೊಳಗೆ ಸಂಸ್ಕೃತ ಕಾಪಾಡಿಟ್ಟಿದ್ದ ದಾವೆಯನ್ನು ಹೊರಗಿನ ಅಂಗಳ ಸದ್ದಿಲ್ಲದೆ ತಿದ್ದಿತು, ಅದೂ ಸಂಯೋಜಕರ ಬಾಯಿಂದಲೇ.

ಇದರಿಂದ ಕೃತಿಯನ್ನು ತಳ್ಳಿಹಾಕಬೇಕಾಗಿಲ್ಲ. ಗ್ಲಾಸರ ಪುನರಾವರ್ತನೆ ಸತ್ಯಾಗ್ರಹದ ಒಂದು ಸತ್ಯವನ್ನು ಮಾತಿಗಿಂತ ಚೆನ್ನಾಗಿ ಹೇಳುತ್ತದೆ. ಅದೇ ಹೆಜ್ಜೆಯನ್ನು ಮತ್ತೆ ಇಡುವುದು, ಅದೇ ಬೇಡಿಕೆಯನ್ನು ಮತ್ತೆ ಮುಂದಿಡುವುದು, ಬದಲಾವಣೆ ಕಣ್ಣಿಗೆ ಕಾಣದಷ್ಟು ನಿಧಾನವಾದರೂ ನಡೆಯುತ್ತಲೇ ಇರುವುದು: ‘ಆಗ್ರಹ’ದ ಈ ಭಾಗವನ್ನು ಆ ಸಂಗೀತದಷ್ಟು ನಿಷ್ಠೆಯಿಂದ ಹಿಡಿದ ಕೃತಿಗಳು ವಿರಳ. ಆದರೆ ಪುನರಾವರ್ತನೆಯಲ್ಲಿ ಎರಡು ಬಗೆ. ಒಬ್ಬನೇ ಮತ್ತೆ ಮತ್ತೆ ಹೇಳುವುದು ಒಂದು. ಒಬ್ಬ ಹೇಳಿದ್ದನ್ನು ಇನ್ನೊಬ್ಬ ತನ್ನದಾಗಿಸಿಕೊಂಡು ಹೇಳುವುದು ಇನ್ನೊಂದು. ಒಪೆರಾದ ಕೊನೆಯ ಹಾಡು ಮೊದಲನೆಯದರ ಶಿಖರ. ಲಿಂಕನ್ ಸೆಂಟರಿನ ಅಂಗಳವೂ ಕುಸನೂರಿನ ಬಯಲೂ ಎರಡನೆಯದಕ್ಕೆ ಸೇರಿದವು.

ಸತ್ಯಾಗ್ರಹದ ಭಾಷೆಯನ್ನು ಕುರಿತು ನಾವು ನಡೆಸುವ ಅಧ್ಯಯನಗಳು ಬಹುಪಾಲು ನಾಯಕರ ಭಾಷಣ, ಪತ್ರ, ಲೇಖನಗಳ ಮೇಲೆ ನಿಂತಿವೆ. ಹೋರಾಟಗಳು ತಮಗೆ ತಾವೇ ಇಟ್ಟುಕೊಂಡ ಹೆಸರುಗಳು, ಅವುಗಳ ವಚನ, ವಿಧಿ, ಉಪಭಾಷೆಯ ಗುರುತು ಇವೂ ಅಷ್ಟೇ ಮುಖ್ಯವಾದ ಸಾಮಗ್ರಿ. ಅಲ್ಲಿ ‘ನಾನು’ ಎಂಬುವರಾರು ಎಂಬ ಪ್ರಶ್ನೆಗೆ ಸಿಗುವ ಉತ್ತರ ಬಹಳ ಸಲ ಕ್ರಿಯಾಪದದ ಕೊನೆಯ ಒಂದು ಅಕ್ಷರದಲ್ಲಿರುತ್ತದೆ.